ಬಾವಿಯ ನೀರು, ತೋಡಿದವನ ಹೆಸರು

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ—ಇಂದು ವಿಜಯನಗರ ಜಿಲ್ಲೆಗೆ ಸೇರಿರುವ ಈ ಸೀಮೆಯಲ್ಲಿ ಮಳೆಯ ದಾರಿ ಕಾಯುವ ಹೊಲಗಳೇ ಹೆಚ್ಚು. ಇಂತಹ ಕಡೆ ಬಾವಿಯ ಬೆಲೆಯನ್ನು ಅದರ ಕಟ್ಟೆಯ ಚೆಲುವಿನಿಂದ ಯಾರೂ ಅಳೆಯುವುದಿಲ್ಲ. ಎಷ್ಟು ಮನೆಯವರು ಅಲ್ಲಿ ಕೊಡ ತುಂಬಿಕೊಳ್ಳುತ್ತಾರೆಂಬುದೇ ಅದರ ಅಳತೆ. ಆದರೆ ನೀರು ಸೇದುವವರಲ್ಲಿ ಬಾವಿ ತೋಡಿದವನನ್ನು ನೆನೆಯುವವರು ಎಷ್ಟು ಮಂದಿ?

ಈ ಸೀಮೆಯ ಮಗಳೊಬ್ಬಳು ಬೆಂಗಳೂರಿನಲ್ಲಿ ಅಣುಜೀವವಿಜ್ಞಾನದ ಸಂಶೋಧನೆಗೆ ತೊಡಗಿದ್ದಾಳೆಂದು ಭಾವಿಸೋಣ. ಹಬ್ಬಕ್ಕೆ ಊರಿಗೆ ಬಂದವಳನ್ನು ತಂದೆ ಕೇಳುತ್ತಾರೆ: “ಐದು ವರ್ಷ ಆತಲ್ಲವ್ವಾ, ನಿನ್ನ ಕೆಲಸ ಎಲ್ಲಿಗೆ ಬಂತು?” ಆಕೆ ತಲೆತಗ್ಗಿಸಿ ಹೇಳುತ್ತಾಳೆ: “ನಾಲ್ಕು ಪ್ರಬಂಧ ಅಚ್ಚಾಗ್ಯಾವಪ್ಪಾ. ಹದಿನೆಂಟು ಕಡೆ ಉಲ್ಲೇಖ ಆಗೇತಿ.” ಹದಿನೆಂಟೆಂದರೆ ಹೆಚ್ಚೋ, ಕಡಿಮೆಯೋ? ತಂದೆಗೆ ತಿಳಿಯದು. ಮಗಳಿಗಾದರೋ ಮುಂದಿನ ಕೆಲಸವೂ ಧನಸಹಾಯವೂ ಬಹುಮಟ್ಟಿಗೆ ಈ ಅಂಕಿಯನ್ನೇ ಅವಲಂಬಿಸಿವೆ.

ವಿಜ್ಞಾನಿಯೊಬ್ಬನು ಪ್ರಬಂಧ ಬರೆಯುವಾಗ ತಾನು ಯಾರ ಕೆಲಸದಿಂದ ನೆರವು ಪಡೆದನೆಂಬುದನ್ನು ಕೊನೆಯಲ್ಲಿ ನಮೂದಿಸುತ್ತಾನೆ. ಅದೇ ಉಲ್ಲೇಖ. ಇವನ್ನೆಲ್ಲ ಒಂದೆಡೆ ಕಲೆಹಾಕಿ ಸೂಚಿಯಾಗಿ ಪ್ರಕಟಿಸುವ ಕಾರ್ಯವನ್ನು ಅಮೆರಿಕದ ಯೂಜೀನ್ ಗಾರ್ಫೀಲ್ಡ್ 1964ರಲ್ಲಿ ಆರಂಭಿಸಿದರು. ಗ್ರಂಥಾಲಯಗಳಲ್ಲಿ ವಿಷಯ ಹುಡುಕಲೆಂದು ಹುಟ್ಟಿದ ಸಾಧನವು ಕ್ರಮೇಣ ವಿದ್ವಾಂಸರನ್ನು ತೂಗುವ ತಕ್ಕಡಿಯೂ ಆಯಿತು.

ಈ ತಕ್ಕಡಿಯ ವಿಚಿತ್ರವನ್ನು ನೋಡಿರಿ. ದ್ರಾವಣದಲ್ಲಿ ಪ್ರೋಟೀನು ಎಷ್ಟಿದೆಯೆಂದು ಅಳೆಯುವ ಉಪಾಯವೊಂದನ್ನು ಲೌರಿ ಎಂಬ ವಿಜ್ಞಾನಿ ಮತ್ತು ಆತನ ಸಂಗಡಿಗರು 1951ರಲ್ಲಿ ಬರೆದರು. 2014ರ ಗಣನೆಯಲ್ಲಿ ಅದಕ್ಕೆ ಮೂರು ಲಕ್ಷಕ್ಕೂ ಮಿಕ್ಕು ಉಲ್ಲೇಖಗಳು; ಅದೇ ಪ್ರಪಂಚಕ್ಕೆ ಮೊದಲನೆಯದು. ಡಿ.ಎನ್.ಎ.ಯ ಜೋಡಿಸುರುಳಿಯನ್ನು ತಿಳಿಸಿದ 1953ರ ವಾಟ್ಸನ್–ಕ್ರಿಕ್ ಪ್ರಬಂಧವಾದರೋ ಮೊದಲ ನೂರರ ಪಟ್ಟಿಯಲ್ಲಿಯೂ ಇರಲಿಲ್ಲ!

ನಮ್ಮ ನಾಡಿಗೆ ಸಮೀಪದ ಉದಾಹರಣೆ ಜಿ. ಎನ್. ರಾಮಚಂದ್ರನ್ ಅವರದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ. ವಿ. ರಾಮನ್ ಅವರ ಶಿಷ್ಯರಾಗಿದ್ದ ಇವರು 1952ರಲ್ಲಿ ಮದರಾಸು ವಿಶ್ವವಿದ್ಯಾನಿಲಯಕ್ಕೆ ಹೋದರು. ಚರ್ಮ, ಸ್ನಾಯುರಜ್ಜುಗಳಿಗೆ ಬಲ ಕೊಡುವ ಕೊಲ್ಯಾಜೆನ್ ಎಂಬ ಪ್ರೋಟೀನು ಮೂರೆಳೆಯ ಹಗ್ಗದಂತೆ ಹೆಣೆದಿದೆಯೆಂದು ಗೋಪಿನಾಥ ಕರ್ತಾ ಅವರೊಡನೆ 1954–55ರಲ್ಲಿ ಸಾರಿದರು. ಆ ರಚನೆಯಲ್ಲಿ ಪರಮಾಣುಗಳು ಒಂದಕ್ಕೊಂದು ಅತಿಯಾಗಿ ಒತ್ತಿಕೊಂಡಿವೆಯೆಂದು ರಿಚ್ ಮತ್ತು ಕ್ರಿಕ್ ಆಕ್ಷೇಪಿಸಿದರು.

ರಾಮಚಂದ್ರನ್ ಆ ಆಕ್ಷೇಪವನ್ನೇ ಪ್ರಶ್ನೆಯಾಗಿ ಎತ್ತಿಕೊಂಡರು. ಪರಮಾಣುಗಳು ನಿಜವಾಗಿ ಎಷ್ಟು ಹತ್ತಿರ ಬರಬಲ್ಲವು? ಆಗ ತಿಳಿದಿದ್ದ ಹರಳುಗಳ ಅಳತೆಗಳನ್ನೆಲ್ಲ ಜಾಲಾಡಿ, ಸಿ. ರಾಮಕೃಷ್ಣನ್ ಮತ್ತು ವಿ. ಶಶಿಶೇಖರನ್ ಅವರೊಡಗೂಡಿ ಪ್ರೋಟೀನಿನ ಸರಪಳಿಯ ಕೊಂಡಿಗಳು ಎತ್ತೆತ್ತ ತಿರುಗಬಹುದು, ಎಲ್ಲಿ ತಿರುಗಲಾರವು ಎಂಬುದಕ್ಕೆ ಒಂದು ನಕ್ಷೆ ಬರೆದರು. 1963ರಲ್ಲಿ ಅಣುಜೀವವಿಜ್ಞಾನದ ಪತ್ರಿಕೆಯಲ್ಲಿ ಅಚ್ಚಾದ ಆ ಬರಹ ಕೇವಲ ಐದು ಪುಟಗಳದು. 1971ರ ವೇಳೆಗೆ ಬೆಂಗಳೂರಿಗೆ ಮರಳಿ ವಿಜ್ಞಾನ ಸಂಸ್ಥೆಯಲ್ಲಿ ಅಣುಜೀವಭೌತ ವಿಭಾಗವನ್ನು ಕಟ್ಟಿದರು, 2001ರಲ್ಲಿ ತೀರಿಕೊಂಡರು. ನೊಬೆಲ್ ಪಾರಿತೋಷಕ ಅವರಿಗೆ ಬರಲಿಲ್ಲ.

ಇಂದು ಪ್ರಪಂಚದಲ್ಲಿ ಎಲ್ಲಿಯೇ ಹೊಸ ಪ್ರೋಟೀನಿನ ರಚನೆ ಪತ್ತೆಯಾಗಲಿ, ಅದು ಸರಿಯೋ ತಪ್ಪೋ ಎಂದು ಒರೆಹಚ್ಚಲು “ರಾಮಚಂದ್ರನ್ ನಕ್ಷೆ”ಯನ್ನು ತೆಗೆಯುತ್ತಾರೆ. ಆ ಹೆಸರು ಪಠ್ಯಪುಸ್ತಕಗಳಲ್ಲಿ ಎಷ್ಟು ಬೆರೆತುಹೋಗಿದೆಯೆಂದರೆ, ಮೂಲ ಪ್ರಬಂಧವನ್ನು ನಮೂದಿಸಬೇಕೆಂದು ಅನೇಕರಿಗೆ ತೋರುವುದೇ ಇಲ್ಲ. ನೀರು ಎಲ್ಲರದೂ ಆದಾಗ ಲೆಕ್ಕ ನಿಲ್ಲುತ್ತದೆ.

ಹಾಗೆಂದು ಲೆಕ್ಕವೇ ಬೇಡವೆನ್ನಲಾಗದು. ಯಾರೂ ಕೊಡ ಹಿಡಿದು ಬಾರದ ಬಾವಿ ಬತ್ತಿದ್ದಿರಲೂಬಹುದು, ಹೊಸದಾಗಿ ತೋಡಿದ್ದಿರಲೂಬಹುದು. ಇಣುಕಿ ನೋಡದೆ ಹೇಳುವಂತಿಲ್ಲ. ಅಂಕಿ ನೋಡುವುದು ಸುಲಭ. ಪ್ರಬಂಧವನ್ನು ಓದುವುದು ಕಷ್ಟ. ಆಯ್ಕೆ ಮಾಡುವ ಹಿರಿಯರು ಆ ಕಷ್ಟವನ್ನು ಪಡಲೇಬೇಕು.

ಮನೆಯ ಹಿರಿಯರಿಗಾದರೋ ಇನ್ನೂ ಸುಲಭದ ದಾರಿಯುಂಟು. “ಎಷ್ಟು?” ಎಂದು ಕೇಳುವ ಬದಲು “ಏನು ಕಂಡಿ, ಯವ್ವಾ?” ಎಂದು ಕೇಳಿ ನೋಡಲಿ. ತಗ್ಗಿದ್ದ ತಲೆ ಮೇಲೇಳುವುದು.