ನರಗಳನ್ನು ಎಚ್ಚರಿಸುವ ವಿದ್ಯುತ್ತು

ಮುನಿರಾಬಾದಿನ ಬಳಿ ತುಂಗಭದ್ರಾ ಅಣೆಕಟ್ಟಿನಿಂದ ಹೊರಡುವ ಎಡದಂಡೆ ನಾಲೆಯು ಕೊಪ್ಪಳ ತಾಲ್ಲೂಕನ್ನು ಹಾದು ಗಂಗಾವತಿಯ ಬತ್ತದ ಗದ್ದೆಗಳಿಗೆ ನೀರುಣಿಸುತ್ತದೆ. ಈ ನಾಲೆ ನಡುದಾರಿಯಲ್ಲಿ ಒಡೆಯಿತೆನ್ನೋಣ. ಅಣೆಕಟ್ಟಿನಲ್ಲಿ ನೀರಿಗೆ ಕೊರತೆಯಿಲ್ಲ. ಗದ್ದೆಯ ಮಣ್ಣು ಸತ್ವಹೀನವಾಗಿಲ್ಲ. ಗದ್ದೆಯಂಚಿನ ಕಿರುಗಾಲುವೆಗೂ ಏನೂ ಆಗಿಲ್ಲ. ಆದರೂ ಪೈರು ಬಾಡುತ್ತದೆ. ಆಗ ರೈತನು ಪಕ್ಕದ ಹಳ್ಳದಿಂದ ಪಂಪಿನ ಮೂಲಕ ನೀರೆತ್ತಿ ಅದೇ ಕಿರುಗಾಲುವೆಗೆ ಹರಿಸುತ್ತಾನೆ. ಪಾರ್ಶ್ವವಾಯುವಿಗೆ ತುತ್ತಾದವರಲ್ಲಿ ಕಳೆದುಹೋದ ಚಲನೆಯನ್ನು ವಿದ್ಯುತ್ತಿನ ನೆರವಿನಿಂದ ಮರಳಿ ತರುವ ವಿಧಾನವು ಈ ಉಪಾಯವನ್ನೇ ಹೋಲುತ್ತದೆ.

ನಾವು ಹೆಜ್ಜೆಯಿಡಬೇಕೆಂದಾಗ ಮಿದುಳಿನಿಂದ ಹೊರಟ ಅಪ್ಪಣೆಯು ಬೆನ್ನುಹುರಿಯೊಳಗೆ ಇಳಿಯುತ್ತದೆ. ಅಲ್ಲಿ ಅದನ್ನು ಮತ್ತೊಂದು ನರಕೋಶವು ಸ್ವೀಕರಿಸಿ, ತನ್ನ ಉದ್ದನೆಯ ಎಳೆಯ ಮೂಲಕ ಸ್ನಾಯುವಿಗೆ ಮುಟ್ಟಿಸುತ್ತದೆ. ಈ ಎಳೆಗಳ ಕಟ್ಟನ್ನೇ ನರವೆನ್ನುವುದು. ಅಪ್ಪಣೆಯ ಓಟವು ಸೆಕೆಂಡಿಗೆ ಸುಮಾರು 50 ಮೀಟರ್. ಅದು ವಿದ್ಯುತ್ತಿನ ಸ್ವರೂಪದ್ದೇ ಎಂಬುದರ ಮೊದಲ ಸುಳಿವು ದೊರೆತದ್ದು ಇಟಲಿಯ ಬೊಲೋನ್ಯಾ ನಗರದಲ್ಲಿ. ಅಲ್ಲಿನ ಗಾಲ್ವಾನಿ ಎಂಬ ವಿದ್ವಾಂಸನು ಸತ್ತ ಕಪ್ಪೆಯ ನರಕ್ಕೆ ವಿದ್ಯುತ್ತು ತಗಲಿದೊಡನೆ ಕಾಲು ಒದೆಯುವುದನ್ನು ಕಂಡು, 1791ರಲ್ಲಿ ತನ್ನ ವಿಚಾರಗಳನ್ನು ಪ್ರಕಟಿಸಿದನು. ಲೋಹವೆರಡು ಸೋಕಿದಾಗಲೂ ಕಾಲು ಮಿಡಿಯುತ್ತಿತ್ತು; ಅಲ್ಲಿನ ವಿದ್ಯುತ್ತು ಪ್ರಾಣಿಯದಲ್ಲ, ಲೋಹಗಳದ್ದೆಂದು ವೋಲ್ಟಾ ವಾದಿಸಿದನು. ಆ ವಾದವನ್ನು ಬೆನ್ನಟ್ಟಿ ಅವನು 1800ರಲ್ಲಿ ಜಗತ್ತಿಗೆ ಮೊದಲ ಬ್ಯಾಟರಿಯನ್ನು ಕೊಟ್ಟನು. ವಿದ್ವಾಂಸರ ಜಗಳಗಳೆಲ್ಲ ಇಷ್ಟು ಫಲ ಕೊಡುವುದಿಲ್ಲ!

ಇನ್ನು ನಮ್ಮ ಕಡೆಯ ಜನ ಲಕ್ವ ಎಂದು ಕರೆಯುವ ಪಾರ್ಶ್ವವಾಯುವನ್ನು ನೋಡೋಣ. ಮಿದುಳಿನ ರಕ್ತನಾಳವು ಕಟ್ಟಿಕೊಂಡರೆ ಅಥವಾ ಒಡೆದರೆ ಅಲ್ಲಿನ ಕೋಶಗಳು ಸಾಯುತ್ತವೆ. ದೇಹದ ಒಂದು ಮಗ್ಗುಲು ಸ್ವಾಧೀನ ತಪ್ಪುತ್ತದೆ. ಕೆಲವು ತಿಂಗಳ ಆರೈಕೆಯ ನಂತರ ರೋಗಿಯು ಎದ್ದು ನಡೆದರೂ ಅನೇಕರಲ್ಲಿ ಪಾದದ ಮುಂಭಾಗ ಜೋತುಬಿದ್ದೇ ಇರುತ್ತದೆ. ಇದು ಅಲ್ಪ ದೋಷವೆಂದು ತೋರಬಹುದು. ಆದರೆ ಯಲಬುರ್ಗಾದ ಎರೆಹೊಲದಲ್ಲಿ, ಕುಷ್ಟಗಿಯ ಸಜ್ಜೆಯ ಹೊಲದಲ್ಲಿ ನೇಗಿಲ ಸಾಲುಗಳನ್ನು ದಾಟಬೇಕಾದವನಿಗೆ ಅದು ಅಲ್ಪವಲ್ಲ. ಹೆಬ್ಬೆರಳು ಹೆಂಟೆಗೆ ತಗಲುತ್ತದೆ, ಅದನ್ನು ತಪ್ಪಿಸಲು ಅವನು ಕಾಲನ್ನು ಹೊರಕ್ಕೆ ಬೀಸಿ ಬೀಸಿ ನಡೆಯುತ್ತಾನೆ, ಬೇಗ ದಣಿಯುತ್ತಾನೆ, ಒಮ್ಮೆ ಬಿದ್ದು ಸೊಂಟದ ಮೂಳೆ ಮುರಿದರೆ ಹೊಲದ ಸಂಬಂಧವೇ ತಪ್ಪಿಹೋಗುತ್ತದೆ. ಪಾದವು ಎರಡು ಬೆರಳಷ್ಟು ಮೇಲೇಳುವುದರ ಮೇಲೆ ಒಂದು ಸಂಸಾರದ ಅನ್ನ ನಿಂತಿರುತ್ತದೆ.

ಮೊಣಕಾಲಿನ ಹೊರಮಗ್ಗುಲಲ್ಲಿ, ತುಸು ಕೆಳಗೆ, ಎಲುಬಿನ ಗಂಟೊಂದು ಕೈಗೆ ಸಿಗುತ್ತದೆ. ಅದರ ಕೆಳಗೆಯೇ, ಚರ್ಮಕ್ಕೆ ಬಹು ಸಮೀಪದಲ್ಲಿ, ಪಾದವನ್ನೆತ್ತುವ ಸ್ನಾಯುಗಳ ನರವು ಎಲುಬನ್ನು ಬಳಸಿ ಸಾಗುತ್ತದೆ. 1961ರಲ್ಲಿ ಅಮೆರಿಕದ ವೈದ್ಯ ಲೀಬರ್ಸನ್ ಮತ್ತು ಅವನ ಸಂಗಡಿಗರು ಈ ನರವನ್ನೇ ಗುರಿಯಾಗಿಟ್ಟುಕೊಂಡ ಉಪಕರಣವೊಂದನ್ನು ವರದಿ ಮಾಡಿದರು. ಸೊಂಟಕ್ಕೆ ಕಟ್ಟುವ ಚಿಕ್ಕ ಪೆಟ್ಟಿಗೆ, ಚರ್ಮಕ್ಕೆ ಅಂಟುವ ಬಿಲ್ಲೆಗಳು, ಪಾದರಕ್ಷೆಯ ಹಿಮ್ಮಡಿಯಡಿ ಒಂದು ಸ್ವಿಚ್ಚು. ಇಷ್ಟೇ ಅದರ ಸಾಮಗ್ರಿ. ಹಿಮ್ಮಡಿ ನೆಲವನ್ನು ಬಿಟ್ಟೊಡನೆ ವಿದ್ಯುತ್ತು ಹರಿದು ಪಾದವು ಮೇಲೇಳುತ್ತದೆ. ಹಿಮ್ಮಡಿ ಊರಿದೊಡನೆ ಅದು ನಿಲ್ಲುತ್ತದೆ. ಇಂಥ ಉಪಕರಣಗಳು ವಿದ್ಯುತ್ತನ್ನು ಒಂದೇ ಸಮನೆ ಹರಿಸುವುದಿಲ್ಲ. ಸೆಕೆಂಡಿಗೆ 20ರಿಂದ 50ರಷ್ಟು ಚಿಕ್ಕ ಮಿಡಿತಗಳಾಗಿ ಕಳುಹಿಸುತ್ತವೆ. ಒಂದೊಂದು ಮಿಡಿತದ ಆಯಸ್ಸು ಸೆಕೆಂಡಿನ ಸಾವಿರದಲ್ಲೊಂದು ಭಾಗಕ್ಕಿಂತಲೂ ಕಡಿಮೆ. ಮನೆಯ 230 ವೋಲ್ಟ್ ವಿದ್ಯುತ್ತಿಗೂ ಇದಕ್ಕೂ ಹೋಲಿಕೆಯೇ ಇಲ್ಲ. ಅದನ್ನು ಮೈಗೆ ಸೋಕಿಸುವುದು ಚಿಕಿತ್ಸೆಯಲ್ಲ, ಸಾವಿಗೆ ಆಹ್ವಾನ.

ಈ ವಿಧಾನಕ್ಕೆ ಮಿತಿಗಳುಂಟು. ಪಂಪಿನ ನೀರು ಹರಿಯಲು ಕಿರುಗಾಲುವೆ ಇರಲೇಬೇಕಷ್ಟೆ. ಪೋಲಿಯೋ ರೋಗವು ಬೆನ್ನುಹುರಿಯೊಳಗಿನ ನರಕೋಶವನ್ನೇ ಕೊಲ್ಲುವುದರಿಂದ ಅದರ ಎಳೆಯೂ ಉಳಿಯುವುದಿಲ್ಲ. ಭಾರತದಲ್ಲಿ ಈ ರೋಗದ ಸಹಜ ವೈರಾಣುವಿನಿಂದಾದ ಕೊನೆಯ ಪ್ರಕರಣ ಕಂಡುಬಂದದ್ದು 2011ರ ಜನವರಿಯಲ್ಲಿ. ಆದರೆ ಅದಕ್ಕೂ ಹಿಂದೆ ಕಾಲಿನ ಬಲ ಕಳೆದುಕೊಂಡವರು ನಮ್ಮ ಊರುಗಳಲ್ಲಿದ್ದಾರೆ. ಅಂಥವರಿಗೆ ಈ ಉಪಕರಣದಿಂದ ನಡಿಗೆ ಬರುತ್ತದೆಂದು ಹೇಳಿ ಹಣ ಪಡೆಯುವುದು ವಂಚನೆಯೇ ಸರಿ. ನರ ಉಳಿದವರಲ್ಲಿಯೂ ಸ್ನಾಯುವಿನ ದಣಿವಿನ ತೊಡಕುಂಟು. ಮಿದುಳು ಎಳೆಗಳನ್ನು ಸರದಿಯ ಮೇಲೆ ದುಡಿಸುತ್ತದೆ. ಯಂತ್ರಕ್ಕೆ ಆ ಜಾಣತನವಿಲ್ಲ, ಅದೇ ಎಳೆಗಳನ್ನು ಮತ್ತೆ ಮತ್ತೆ ದುಡಿಸುತ್ತದೆ.

ಕೈಯ ಚಲನೆ ಇನ್ನೂ ಜಟಿಲ. ಕುತ್ತಿಗೆಯ ಬಳಿ ಬೆನ್ನುಹುರಿಗೆ ಪೆಟ್ಟಾದವರು ಲೋಟವನ್ನು ಹಿಡಿಯುವಂತೆ ಮಾಡುವ, ಮೈಯೊಳಗೆ ಇರಿಸುವ ಸಾಧನಕ್ಕೆ ಅಮೆರಿಕದಲ್ಲಿ 1997ರಲ್ಲಿ ಅನುಮತಿ ದೊರೆಯಿತು. ಭುಜವನ್ನು ತುಸು ಅಲುಗಿಸಿದರೆ ಬೆರಳುಗಳು ಮಡಿಚುತ್ತಿದ್ದವು. ಆದರೆ ಕೊಳ್ಳುವವರು ಸಾಲದೆ ಕೆಲವೇ ವರ್ಷಗಳಲ್ಲಿ ಅದರ ತಯಾರಿಕೆ ನಿಂತಿತು. ವಿಜ್ಞಾನ ಗೆದ್ದಲ್ಲಿ ವ್ಯಾಪಾರ ಸೋತಿತು.

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಇಂಥ ರೋಗಿಗಳ ಪುನಶ್ಚೇತನಕ್ಕಾಗಿಯೇ ಒಂದು ವಿಭಾಗವಿದೆ. ಕೊಪ್ಪಳದಲ್ಲಿಯೂ ಈಗ ಸರ್ಕಾರಿ ವೈದ್ಯಕೀಯ ಕಾಲೇಜಿದೆ. ಎಲ್ಲಿಯೇ ಆಗಲಿ, ಉಪಕರಣವೊಂದೇ ಸಾಲದು. ನುರಿತ ಚಿಕಿತ್ಸಕರ ಕಣ್ಣೆದುರು ದಿನವೂ ವ್ಯಾಯಾಮ ನಡೆಯಬೇಕು. ತಿಂಗಳುಗಟ್ಟಲೆ ಹೀಗೆ ನಡೆದ ಕೆಲವರಲ್ಲಿ, ಪೆಟ್ಟಿಗೆಯನ್ನು ಬಿಚ್ಚಿಟ್ಟ ಮೇಲೂ ಪಾದವು ಮೊದಲಿಗಿಂತ ಚೆನ್ನಾಗಿ ಏಳುವುದುಂಟು; ಮಿದುಳು ಹಳೆಯ ಪಾಠವನ್ನು ಹೊಸ ದಾರಿಯಲ್ಲಿ ಕಲಿಯುತ್ತದೆಂದು ತಜ್ಞರು ಭಾವಿಸುತ್ತಾರೆ. ಎಲ್ಲರಿಗೂ ಹೀಗಾಗುವುದಿಲ್ಲ. ಆದುದರಿಂದಲೇ ಚಿಕಿತ್ಸಕರು ಆಗಾಗ ಪೆಟ್ಟಿಗೆಯನ್ನು ಬಿಚ್ಚಿಸಿ, ರೋಗಿಯನ್ನು ಹತ್ತು ಹೆಜ್ಜೆ ಹಾಗೆಯೇ ನಡೆಸಿ ನೋಡುತ್ತಾರೆ.