ತೋಟದ ಕೆಲಸಕ್ಕೆ ತಕ್ಕ ಕತ್ತಿಯ ಆಯ್ಕೆ

ಪಂಪ್‌ಸೆಟ್ಟನ್ನೋ ಟಿಲ್ಲರನ್ನೋ ಕೊಳ್ಳುವಾಗ ರೈತನು ನಾಲ್ಕು ಕಡೆ ವಿಚಾರಿಸುತ್ತಾನೆ. ಆದರೆ ದಿನವೂ ಕೈಯಲ್ಲಿ ಹಿಡಿಯುವ ಕತ್ತಿಯನ್ನು ಸಂತೆಯಲ್ಲಿ ಬೆಲೆ ಕೇಳಿ, ಬೆರಳಿನಿಂದ ಹರಿತ ನೋಡಿ ಕೊಂಡು ಬರುತ್ತಾನೆ. ಹೊಸದಾಗಿದ್ದಾಗ ಎಲ್ಲ ಕತ್ತಿಯೂ ಹರಿತವಾಗಿಯೇ ಇರುತ್ತದೆ. ಅದರ ಗುಣ ತಿಳಿಯುವುದು ತಿಂಗಳೊಪ್ಪತ್ತು ಕೆಲಸ ಮಾಡಿದ ಮೇಲೆ. ಅಷ್ಟರಲ್ಲಿ ಹಿಡಿ ಸಡಿಲವಾಗಿ, ಬಾಯಿ ಮಡಿಚಿಕೊಂಡು, ಕೆಲವೊಮ್ಮೆ ಕೈಗೆ ಪೆಟ್ಟೂ ಆಗಿರುತ್ತದೆ. ಕೊಳ್ಳುವ ಮೊದಲೇ ಕೆಲವು ಅಂಶಗಳನ್ನು ಪರೀಕ್ಷಿಸಿದರೆ ಈ ನಷ್ಟವನ್ನು ತಪ್ಪಿಸಬಹುದು.

ಕೆಲಸಕ್ಕೆ ತಕ್ಕ ಆಕಾರ

ಹಳೆ ಮೈಸೂರಿನ ಕಡೆ ಮಚ್ಚು ಎಂದೂ ಮಲೆನಾಡು, ಕರಾವಳಿಗಳಲ್ಲಿ ಕತ್ತಿ ಎಂದೂ ಕರೆಯುವ ಈ ಸಾಧನ ಎಲ್ಲ ಕೆಲಸಕ್ಕೂ ಒಂದೇ ಬಗೆಯದಾಗಿರಲು ಸಾಧ್ಯವಿಲ್ಲ. ಸೊಪ್ಪು ಕಡಿಯಲು, ಬೇಲಿ ಸವರಲು, ಲಂಟಾನದಂತಹ ಪೊದೆಗಳನ್ನು ತೆಗೆಯಲು ತುದಿ ಒಳಕ್ಕೆ ಬಾಗಿದ ಕತ್ತಿ ಉತ್ತಮ. ಬಾಗಿದ ತುದಿಯು ಕೊಂಬೆಯನ್ನು ಎಳೆದು ಹಿಡಿಯುತ್ತದೆ. ನೆಲದ ಕಲ್ಲಿಗೆ ಬಾಯಿ ತಾಗುವುದನ್ನೂ ಸ್ವಲ್ಪ ಮಟ್ಟಿಗೆ ತಡೆಯುತ್ತದೆ. ಎಳನೀರು ಕೆತ್ತಲು, ಸೌದೆ ಸೀಳಲು ಮುಂಭಾಗದಲ್ಲಿ ಅಗಲವೂ ತೂಕವೂ ಇರುವ ನೇರ ಮಚ್ಚು ಬೇಕು. ಬರೀ ಹುಲ್ಲು, ಎಳೆ ಬಳ್ಳಿ ಸವರುವುದಾದರೆ ತೆಳುವಾದ, ಉದ್ದವಾದ ಅಲಗು ಸಾಕು.

ಸಾಮಾನ್ಯ ತೋಟದ ಕೆಲಸಕ್ಕೆ ಅಲಗಿನ ಉದ್ದ ೨೦ರಿಂದ ೨೮ ಸೆಂ.ಮೀ., ಬೆನ್ನಿನ ದಪ್ಪ ೪ರಿಂದ ೬ ಮಿ.ಮೀ., ಒಟ್ಟು ತೂಕ ೫೦೦ರಿಂದ ೮೦೦ ಗ್ರಾಂ ಇದ್ದರೆ ಅನುಕೂಲ. ಇದಕ್ಕಿಂತ ಭಾರವಾದ ಕತ್ತಿ ಮೊದಲ ಗಂಟೆಯಲ್ಲಿ ಹೆಚ್ಚು ಕಡಿಯುತ್ತದೆಯೇ ಹೊರತು ಸಂಜೆಯವರೆಗೆ ಅಲ್ಲ. ಮಣಿಕಟ್ಟು ದಣಿದ ಮೇಲೆ ಏಟು ಗುರಿ ತಪ್ಪುತ್ತದೆ. ಹೆಂಗಸರೂ ಸೊಪ್ಪು ಕಡಿಯುವ ಮನೆಯಲ್ಲಿ ಅವರ ಕೈಗೆ ಹಿಡಿಸುವ ಹಗುರ ಕತ್ತಿಯೊಂದು ಪ್ರತ್ಯೇಕವಾಗಿ ಇರಬೇಕು.

ಮಡಿಸುವ ಚಾಕು ಕಸಿ ಕಟ್ಟಲು, ದಾರ ಕತ್ತರಿಸಲು ಸಾಕು. ಅದರಿಂದ ಕೊಂಬೆ ಕಡಿಯಲು ಹೋಗಬಾರದು. ಅದರ ಬಲವೆಲ್ಲ ಒಂದು ಸಣ್ಣ ಕೀಲಿನ ಮೇಲೆ ನಿಂತಿರುವುದರಿಂದ ಅಲಗು ಬೆರಳಿನ ಮೇಲೆಯೇ ಮುಚ್ಚಿಕೊಳ್ಳುವ ಅಪಾಯವಿದೆ.

ಕಬ್ಬಿಣವೋ ಉಕ್ಕೋ?

ಹರಿತ ನಿಲ್ಲುವುದು ಲೋಹದಲ್ಲಿರುವ ಇಂಗಾಲವನ್ನು ಅವಲಂಬಿಸಿದೆ. ಕಿಟಕಿ ಸರಳು, ಗೇಟುಗಳಿಗೆ ಬಳಸುವ ಮೆದು ಉಕ್ಕಿನಲ್ಲಿ ಇಂಗಾಲ ಸುಮಾರು ಶೇಕಡ ೦.೨೫ಕ್ಕಿಂತ ಕಡಿಮೆ. ಇದನ್ನು ಎಷ್ಟು ಕಾಯಿಸಿ ನೀರಿಗದ್ದಿದರೂ ಕತ್ತಿಗೆ ಬೇಕಾದಷ್ಟು ಗಡಸಾಗುವುದಿಲ್ಲ. ಲಾರಿಯ ಸ್ಪ್ರಿಂಗ್ ಪಟ್ಟಿಯಲ್ಲಿ ಇಂಗಾಲ ಸುಮಾರು ಶೇಕಡ ೦.೫ರಿಂದ ೦.೬ರಷ್ಟು ಇರುತ್ತದೆ. ಆದ್ದರಿಂದಲೇ ಕಮ್ಮಾರರು ಹಳೆಯ ಪಟ್ಟಿಗಳನ್ನು ಕತ್ತಿಗೆ ಮೆಚ್ಚುತ್ತಾರೆ. ಆದರೆ ಬಹುಕಾಲ ಓಡಿದ ಪಟ್ಟಿಯಲ್ಲಿ ಕಣ್ಣಿಗೆ ಕಾಣದ ಬಿರುಕು ಇರಬಹುದು. ಬಡಿಯುವ ಮೊದಲು ಅದನ್ನು ನೇತುಹಾಕಿ ತಟ್ಟಿ ನೋಡಬೇಕು. ಗಂಟೆಯಂತೆ ಸ್ಪಷ್ಟ ನಾದ ಬಂದರೆ ಸರಿ. ಒಡಕು ಸದ್ದು ಬಂದರೆ ಬೇಡ.

ತುಕ್ಕು ಹಿಡಿಯದ ಉಕ್ಕಿನಲ್ಲಿ ಕನಿಷ್ಠ ಶೇಕಡ ೧೦.೫ರಷ್ಟು ಕ್ರೋಮಿಯಂ ಇರುತ್ತದೆ. ಕಾಯಿ ಕೊಯ್ಯಲು, ಹಣ್ಣು ಹೆಚ್ಚಲು ಇದು ಒಳ್ಳೆಯದು. ಆದರೆ ಹಳ್ಳಿಯ ಕುಲುಮೆಯಲ್ಲಿ ಇದಕ್ಕೆ ಸರಿಯಾದ ಹದ ಕೊಡುವುದು ಕಷ್ಟ. ಕಡಿಯುವ ಕೆಲಸಕ್ಕೆ ಇಂಗಾಲದ ಉಕ್ಕೇ ಮೇಲು.

ಹದದ ಪರೀಕ್ಷೆ

ಒಳ್ಳೆಯ ಉಕ್ಕೂ ಹದ ತಪ್ಪಿದರೆ ಪ್ರಯೋಜನವಿಲ್ಲ. ಕಮ್ಮಾರನು ಅಲಗಿನ ಬಾಯಿಯನ್ನು ಕೆಂಪಗೆ ಕಾಯಿಸುತ್ತಾನೆ. ಸುಮಾರು ೭೭೦ ಡಿಗ್ರಿ ಸೆಂಟಿಗ್ರೇಡಿನಲ್ಲಿ ಉಕ್ಕು ಅಯಸ್ಕಾಂತಕ್ಕೆ ಅಂಟುವುದನ್ನು ಬಿಡುತ್ತದೆ. ಅದಕ್ಕಿಂತ ಸ್ವಲ್ಪ ಹೆಚ್ಚು ಕಾಯಿಸಿ ಅದ್ದಿದರೆ ಬಾಯಿ ಗಡಸಾಗುತ್ತದೆ. ಸ್ಪ್ರಿಂಗ್ ಪಟ್ಟಿಯನ್ನು ತಣ್ಣೀರಿಗಿಂತ ಎಣ್ಣೆಯಲ್ಲಿ ಅದ್ದುವುದು ಕ್ಷೇಮ. ನೀರಿನಲ್ಲಿ ಸೀಳುವ ಸಂಭವ ಹೆಚ್ಚು.

ಹೀಗೆ ಗಡಸಾದ ಬಾಯಿ ಗಾಜಿನಂತೆ ಪೆಡಸು. ಅದನ್ನು ಉಜ್ಜಿ ಬೆಳ್ಳಗೆ ಮಾಡಿ ಮತ್ತೆ ಮೆಲ್ಲಗೆ ಕಾಯಿಸಿದರೆ ಮೊದಲು ಹುಲ್ಲಿನ ಹಳದಿ, ಅನಂತರ ಕಂದು, ನೇರಳೆ, ಕೊನೆಗೆ ನೀಲಿ ಬಣ್ಣ ಬರುತ್ತದೆ. ಹಳದಿಗೆ ಸುಮಾರು ೨೨೦, ನೇರಳೆಗೆ ೨೮೦, ನೀಲಿಗೆ ೩೦೦ ಡಿಗ್ರಿ ಶಾಖವೆಂದು ತಿಳಿಯಬಹುದು. ಸಣ್ಣ ಚಾಕುವಿಗೆ ಹಳದಿ ಹದ ಸಾಕು. ಏಟು ತಿನ್ನುವ ಕತ್ತಿಗೆ ನೇರಳೆಯಿಂದ ನೀಲಿಯವರೆಗಿನ ಹದ ಬೇಕು. ಬೆನ್ನು ಮೆದುವಾಗಿಯೇ ಉಳಿಯಬೇಕು.

ಕೊಳ್ಳುವವರು ಇದನ್ನು ಅರದಿಂದ ಪರೀಕ್ಷಿಸಬಹುದು. ಅಂಗಡಿಯವರ ಒಪ್ಪಿಗೆ ಪಡೆದು, ಹಿಡಿಯ ಹತ್ತಿರ ಬಾಯಿಯ ಮೇಲೆ ಅರವನ್ನು ಮೆಲ್ಲಗೆ ಎಳೆಯಿರಿ. ಅರ ಸುಲಭವಾಗಿ ಕಚ್ಚಿ ಪುಡಿ ಉದುರಿಸಿದರೆ ಕತ್ತಿ ಮೆದು. ಸ್ವಲ್ಪವೂ ಕಚ್ಚದೆ ಗಾಜಿನ ಮೇಲಿನಂತೆ ಜಾರಿದರೆ ಅತಿ ಗಡಸು. ಬಿಗಿಯಾಗಿ, ಸ್ವಲ್ಪ ಸ್ವಲ್ಪವೇ ಕಚ್ಚಿದರೆ ಹದ ಸರಿಯಾಗಿದೆ. ಕೆಲಸದಲ್ಲಿ ಬಾಯಿ ಮಡಿಚಿಕೊಂಡರೆ ಹದ ಸಾಲದೆಂದೂ ಚೂರು ಚೂರಾಗಿ ಮುಕ್ಕಾದರೆ ಹದ ಮೀರಿದೆಯೆಂದೂ ತಿಳಿದು ಮತ್ತೆ ಹದ ಹಾಕಿಸಬೇಕು. ಸ್ಥಳೀಯ ಕಮ್ಮಾರನಿಂದ ಮಾಡಿಸಿದ ಕತ್ತಿಯ ದೊಡ್ಡ ಲಾಭ ಇದೇ. ದೋಷ ಕಂಡಾಗ ಅದೇ ಕುಲುಮೆಗೆ ಹಿಂದಿರುಗಿಸಬಹುದು.

ಹಿಡಿ

ಕತ್ತಿಯಿಂದಾಗುವ ಅಪಘಾತಗಳಿಗೆ ಸಡಿಲ ಹಿಡಿ ಒಂದು ಮುಖ್ಯ ಕಾರಣ. ಹಿಡಿಯೊಳಗೆ ಸೇರುವ ಅಲಗಿನ ಭಾಗ ಬರೀ ಎರಡು ಅಂಗುಲದ ಮೊಳೆಯಂತಿದ್ದರೆ ಅದು ಬೇಗ ಅಲುಗಾಡತೊಡಗುತ್ತದೆ. ಈ ಭಾಗವು ಹಿಡಿಯ ತುದಿಯವರೆಗೆ ಬಂದು ಅಲ್ಲಿ ಬಡಿದು ಮಡಿಚಿರಬೇಕು. ಇಲ್ಲವೇ ಹಿಡಿಯಷ್ಟೇ ಅಗಲವಿದ್ದು, ಎರಡು ಬದಿಗೂ ಮರದ ಹಲಗೆಯಿಟ್ಟು ಕನಿಷ್ಠ ಮೂರು ರಿವೆಟ್ ಹಾಕಿರಬೇಕು. ಮೊದಲ ಬಗೆಯದಕ್ಕೆ ಹಿಡಿಯ ಬಾಯಲ್ಲಿ ಲೋಹದ ಬಳೆ ಅಗತ್ಯ. ಇಲ್ಲವಾದರೆ ಮರ ಸೀಳುತ್ತದೆ.

ಹಿಡಿಗೆ ಚೆನ್ನಾಗಿ ಒಣಗಿದ ಜಾಲಿ ಮರ ಉತ್ತಮ. ಹಸಿ ಮರದ ಹಿಡಿ ಬೇಸಿಗೆಯಲ್ಲಿ ಕುಗ್ಗಿ ಸಡಿಲವಾಗುತ್ತದೆ. ಉದ್ದ ೧೨ರಿಂದ ೧೪ ಸೆಂ.ಮೀ. ಇರಲಿ. ತುದಿ ಸ್ವಲ್ಪ ಉಬ್ಬಿದ್ದರೆ ಬೆವರಿದ ಕೈಯಿಂದ ಜಾರದು. ಹೊಳಪಿನ ಬಣ್ಣ ಬಳಿದ ಹಿಡಿ ನೋಡಲು ಚೆಂದ, ಮಳೆಯಲ್ಲಿ ಹಿಡಿಯಲು ಕಷ್ಟ. ಮನೆಯಲ್ಲಿ ಹಿಡಿ ಹಾಕುವವರು ಒಳಗೆ ಸೇರುವ ಭಾಗವನ್ನು ಕಾಯಿಸಿ ಮರಕ್ಕೆ ಇಳಿಸುವಾಗ ಅಲಗಿಗೆ ಒದ್ದೆ ಬಟ್ಟೆ ಸುತ್ತಬೇಕು. ಇಲ್ಲದಿದ್ದರೆ ಶಾಖ ಏರಿ ಅಲಗಿನ ಹದ ಹೋಗುತ್ತದೆ.

ಮಸೆಯುವುದು ಮತ್ತು ಕಾಪಾಡುವುದು

ಮೊಂಡು ಕತ್ತಿ ಹರಿತವಾದ ಕತ್ತಿಗಿಂತ ಹೆಚ್ಚು ಅಪಾಯಕಾರಿ. ಅದು ಮರಕ್ಕೆ ಕಚ್ಚದೆ ಜಾರಿ ಮೊಣಕಾಲಿಗೋ ಎಡಗೈಗೋ ತಗಲುತ್ತದೆ. ಕಡಿಯುವ ಕತ್ತಿಯ ಬಾಯಿಗೆ ಪ್ರತಿ ಬದಿಯಲ್ಲೂ ಸುಮಾರು ೨೦ರಿಂದ ೨೫ ಡಿಗ್ರಿ ಓರೆ ಇರಬೇಕು. ಇದಕ್ಕಿಂತ ತೆಳುವಾದರೆ ಬಾಯಿ ಮುಕ್ಕಾಗುತ್ತದೆ. ಸಾಣೆಕಲ್ಲಿಗೆ ನೀರು ಬಿಟ್ಟುಕೊಂಡು ಎರಡೂ ಬದಿಯನ್ನು ಸಮನಾಗಿ ಮಸೆಯಬೇಕು. ವಿದ್ಯುತ್ ಸಾಣೆಯಲ್ಲಿ ಒತ್ತಿ ಹಿಡಿದಾಗ ಬಾಯಿ ನೀಲಿಗಟ್ಟಿದರೆ ಅಲ್ಲಿನ ಹದ ಕಡಿಮೆಯಾಯಿತೆಂದೇ ಲೆಕ್ಕ. ಆಗಾಗ ನೀರಿಗದ್ದಿ ತಣಿಸುತ್ತಾ ಹಿಡಿಯಬೇಕು.

ಬಾಳೆ, ಅಡಿಕೆಗಳ ರಸ ತಗಲಿದ ಕತ್ತಿಯನ್ನು ಅಂದೇ ತೊಳೆದು, ಒರೆಸಿ, ಒಂದೆರಡು ಹನಿ ಎಣ್ಣೆ ಸವರಿ ಇಡಬೇಕು. ರೋಗ ಬಂದ ಗಿಡ ಕಡಿದ ಕತ್ತಿಯನ್ನು ಶುಚಿಗೊಳಿಸದೆ ಒಳ್ಳೆಯ ಗಿಡಕ್ಕೆ ಹಾಕಬಾರದು.

ಒಯ್ಯುವ ಬಗೆ

ಮಲೆನಾಡು, ಕರಾವಳಿಗಳಲ್ಲಿ ಸೊಂಟದ ಹಿಂಭಾಗದ ಕೊಕ್ಕೆಗೆ ಕತ್ತಿ ಸಿಕ್ಕಿಸುವ ರೂಢಿಯಿದೆ. ಕೊಡಗಿನಲ್ಲಿ ಒಡಿಕತ್ತಿಯನ್ನು ಬೆನ್ನ ಹಿಂದಿನ ತೋಡಂಗಿಗೆ ಸಿಕ್ಕಿಸುತ್ತಾರೆ. ಇದರಿಂದ ಎರಡೂ ಕೈ ಬಿಡುವಾಗಿರುತ್ತವೆ. ಆದರೂ ಜಾರುವ ದಾರಿಯಲ್ಲಿ, ಮೋಟಾರ್ ಸೈಕಲ್ ಮೇಲೆ ಹೋಗುವಾಗ ಬಾಯಿ ಮುಚ್ಚುವ ಮರದ ಅಥವಾ ಚರ್ಮದ ಒರೆ ಇರಲೇಬೇಕು. ಕೇವಲ ಮನೆಬಳಕೆಗೆ ಅಥವಾ ಬೇಸಾಯಕ್ಕೆಂದು ರೂಪಿಸಿದ ಸಾಧನಗಳನ್ನು ೧೯೫೯ರ ಶಸ್ತ್ರಾಸ್ತ್ರ ಕಾಯಿದೆಯು ಆಯುಧಗಳ ವ್ಯಾಖ್ಯೆಯಿಂದ ಹೊರಗಿಟ್ಟಿದೆ. ಹೀಗಿದ್ದರೂ ಕೆಲಸವಿಲ್ಲದೆ ಸಂತೆ, ಜಾತ್ರೆಗಳಿಗೆ ಬಿಚ್ಚುಕತ್ತಿ ಒಯ್ಯುವುದು ಸರಿಯಲ್ಲ. ಬಸ್ಸಿನಲ್ಲಿ ತರುವಾಗ ಗೋಣಿಯಲ್ಲಿ ಸುತ್ತಿ ಕಟ್ಟಬೇಕು.

ಗಾಯವಾದಾಗ

ಶುದ್ಧ ಬಟ್ಟೆಯನ್ನು ಗಾಯದ ಮೇಲಿಟ್ಟು ಬಿಗಿಯಾಗಿ ಒತ್ತಿ ಹಿಡಿದು, ಕೈ ಅಥವಾ ಕಾಲನ್ನು ಮೇಲೆತ್ತಿ ಇಡಬೇಕು. ಕಾಫಿ ಪುಡಿ, ಸುಣ್ಣ, ಸಗಣಿ ಹಚ್ಚಬಾರದು. ಧನುರ್ವಾಯುವಿನ ರೋಗಾಣು ಮಣ್ಣು, ಸಗಣಿಗಳಲ್ಲಿಯೇ ಇರುತ್ತದೆ. ಕತ್ತಿಗೆ ತುಕ್ಕಿಲ್ಲವೆಂದು ಅಲಕ್ಷಿಸುವಂತಿಲ್ಲ. ಗಾಯ ಆಳವಾಗಿದ್ದರೆ, ಬೆರಳು ಮಡಿಸಲು ಬಾರದಿದ್ದರೆ ಅಥವಾ ಮರಗಟ್ಟಿದ್ದರೆ ಕೂಡಲೇ ಆಸ್ಪತ್ರೆಗೆ ಹೋಗಬೇಕು. ನರವೋ ಸ್ನಾಯುವಿನ ಹುರಿಯೋ ತುಂಡಾಗಿದ್ದರೆ ಮೇಲಿನ ಚರ್ಮ ಮಾಯ್ದರೂ ಬೆರಳು ಕೆಲಸಕ್ಕೆ ಬಾರದೆ ಹೋಗಬಹುದು. ಧನುರ್ವಾಯು ನಿರೋಧಕ ಚುಚ್ಚುಮದ್ದಿನ ಬಗ್ಗೆ ವೈದ್ಯರನ್ನು ಕೇಳಬೇಕು.

ನೆನಪಿಡಬೇಕಾದ ಅಂಶಗಳು

೧. ಮಾಡುವ ಕೆಲಸವನ್ನು ನೋಡಿ ಆಕಾರವನ್ನೂ ಹಿಡಿಯುವ ಕೈಯನ್ನು ನೋಡಿ ತೂಕವನ್ನೂ ಆರಿಸಿರಿ.

೨. ತಟ್ಟಿ ನಾದ ಕೇಳಿರಿ. ಅರ ಎಳೆದು ಹದ ನೋಡಿರಿ.

೩. ಹಿಡಿಯೊಳಗೆ ಅಲಗು ಎಷ್ಟು ದೂರ ಸೇರಿದೆಯೆಂದು ವಿಚಾರಿಸಿರಿ.

೪. ಕತ್ತಿಯ ಜೊತೆಗೇ ಒರೆ ಮಾಡಿಸಿರಿ.

೫. ಹಿಡಿ ಅಲುಗಾಡಿದ ದಿನವೇ ಕೆಲಸ ನಿಲ್ಲಿಸಿ ರಿಪೇರಿ ಮಾಡಿಸಿರಿ.

ಒಳ್ಳೆಯ ಕತ್ತಿಗೆ ಸ್ವಲ್ಪ ಹೆಚ್ಚು ಬೆಲೆ ತೆರಬೇಕಾಗಬಹುದು. ಹಲವು ವರ್ಷ ಬಾಳುವ ಕತ್ತಿಗೆ ಅದು ಹೆಚ್ಚಲ್ಲ. ಹೋದ ಬೆರಳನ್ನಂತೂ ಯಾವ ಬೆಲೆಗೂ ತರಲಾಗದು.