ಕಡುಚಳಿಯ ಊರಲ್ಲಿ ಬಿಸಿಲನ್ನೇ ನಂಬಿದ ಕಚೇರಿ

ಕೆನಡಾದ ವಿನ್ನಿಪೆಗ್‌ನಲ್ಲಿ ಚಳಿಗಾಲದ ಉಷ್ಣಾಂಶ ಮೈನಸ್ 35 ಡಿಗ್ರಿಗೆ ಕುಸಿಯುವುದುಂಟು. ಬೇಸಿಗೆಯಲ್ಲಿ ಅದೇ ಊರು 35 ಡಿಗ್ರಿಯ ಸೆಕೆ ಕಾಣುತ್ತದೆ. ಇಂಥಲ್ಲಿ ಗಾಜಿನ ಬಹುಮಹಡಿ ಕಚೇರಿ ಕಟ್ಟಿದರೆ ಒಂದೋ ಹೀಟರ್, ಇಲ್ಲವೇ ಎ.ಸಿ. ಸದಾ ಓಡುತ್ತಿರಬೇಕು ಎಂಬುದು ರೂಢಿಯ ಲೆಕ್ಕ. ಆ ಲೆಕ್ಕ ತಪ್ಪೆಂದು ತೋರಿಸಿದ್ದು 2009ರಲ್ಲಿ ಬಾಗಿಲು ತೆರೆದ 22 ಮಹಡಿಗಳ ಮ್ಯಾನಿಟೋಬಾ ಹೈಡ್ರೊ ಪ್ಲೇಸ್. ಮ್ಯಾನಿಟೋಬಾ ಪ್ರಾಂತ್ಯದ ಸರ್ಕಾರಿ ವಿದ್ಯುತ್ ಸಂಸ್ಥೆಯ ಕೇಂದ್ರ ಕಚೇರಿ ಇದು.

ಟೊರಾಂಟೊದ ಕೆಪಿಎಂಬಿ ವಾಸ್ತುಶಿಲ್ಪಿಗಳೂ ಜರ್ಮನಿಯ ಟ್ರಾನ್ಸ್‌ಸೋಲಾರ್ ಎಂಜಿನಿಯರ್‌ಗಳೂ ನಕ್ಷೆಗೆ ಮುನ್ನ ಊರಿನ ಹವೆಯನ್ನು ಓದಿದರು. ಅಲ್ಲಿ ಚಳಿ ಕಡುವಾದರೂ ಬಿಸಿಲಿಗೆ ಬರವಿಲ್ಲ. ಹಾಗಾಗಿ ಎರಡು ಗೋಪುರಗಳನ್ನು ಉತ್ತರದಲ್ಲಿ ಕೂಡಿಸಿ, ದಕ್ಷಿಣಕ್ಕೆ ಅಗಲಿಸಿದರು. ನಡುವೆ ಆರಾರು ಮಹಡಿ ಎತ್ತರದ ಮೂರು ಗಾಜಿನ ಅಂಗಳಗಳನ್ನು ಒಂದರ ಮೇಲೊಂದು ಕೂರಿಸಿದರು.

ಹೊರಗಿನ ಗಾಳಿ ಮೊದಲು ಈ ಅಂಗಳಗಳಿಗೆ ಬರುತ್ತದೆ. ಚಳಿಗಾಲದ ಓರೆಬಿಸಿಲು ಅದನ್ನು ಕಾಯಿಸುತ್ತದೆ. ಪ್ರತಿ ಅಂಗಳದಲ್ಲೂ 24 ಮೀಟರ್ ಎತ್ತರದಿಂದ ಇಳಿಬಿಟ್ಟ ತೆಳು ಮೈಲಾರ್ ಪ್ಲಾಸ್ಟಿಕ್ ಪಟ್ಟಿಗಳ ಮೇಲೆ ನೀರು ಜಾರುತ್ತಿರುತ್ತದೆ. ಚಳಿಗಾಲದಲ್ಲಿ ಬೆಚ್ಚಗಿನ ನೀರು ಒಣಗಾಳಿಗೆ ತೇವ ಕೊಡುತ್ತದೆ. ಬೇಸಿಗೆಯಲ್ಲಿ ತಣ್ಣೀರು ಹರಿಸಿದಾಗ, ತಂಪು ಲೋಟದ ಹೊರಮೈಯಲ್ಲಿ ಹನಿಗಟ್ಟುವಂತೆ, ಗಾಳಿಯ ಹೆಚ್ಚುವರಿ ತೇವ ಪಟ್ಟಿಗಳ ಮೇಲೆ ಇಳಿಯುತ್ತದೆ.

ಕೆಲಸದ ಕೋಣೆಗಳನ್ನು ದಾಟಿದ ಗಾಳಿ ಉತ್ತರ ತುದಿಯ 115 ಮೀಟರ್ ಎತ್ತರದ ಸೌರ ಚಿಮಣಿ ಸೇರುತ್ತದೆ. ಬೇಸಿಗೆಯಲ್ಲಿ ಅದು ಕಾದು ತಾನಾಗಿ ಮೇಲೇರಿ ಹೊರಹೋಗುತ್ತದೆ. ಚಳಿಗಾಲದಲ್ಲಿ ಫ್ಯಾನ್‌ಗಳು ಅದನ್ನೇ ಕೆಳಕ್ಕೆಳೆದು, ಉಳಿದ ಬಿಸಿಯಿಂದ ನೆಲಮಾಳಿಗೆಯ ವಾಹನ ನಿಲ್ದಾಣವನ್ನೂ ಒಳಬರುವ ಹೊಸ ಗಾಳಿಯನ್ನೂ ಬೆಚ್ಚಗಾಗಿಸುತ್ತವೆ. ಅಡಿಯಲ್ಲಿ 125 ಮೀಟರ್ ಆಳದ 280 ಕೊಳವೆಗಳಿವೆ. ಬೇಸಿಗೆಯಲ್ಲಿ ಕಟ್ಟಡದಿಂದ ತೆಗೆದ ಶಾಖ ಅವುಗಳ ಮೂಲಕ ನೆಲಕ್ಕಿಳಿಯುತ್ತದೆ. ಚಳಿಗಾಲದಲ್ಲಿ ಹೀಟ್ ಪಂಪ್‌ಗಳು ಅದನ್ನು ಮೇಲೆತ್ತಿ, ಕಾಂಕ್ರೀಟ್ ಛಾವಣಿಯೊಳಗಿನ ನೀರಿನ ಕೊಳವೆಗಳಿಗೆ ಕೊಡುತ್ತವೆ.

ಇವೆಲ್ಲ ದಿನನಿತ್ಯದ ವಿದ್ಯುತ್ ಉಳಿಸುತ್ತವೆ. ಆದರೆ ಕಟ್ಟಡದ ಇಂಗಾಲದ ಲೆಕ್ಕ ವಿದ್ಯುತ್ ಬಿಲ್ಲಿಗೇ ಮುಗಿಯುವುದಿಲ್ಲ. ಸಿಮೆಂಟ್ ಸುಡುವಾಗ, ಉಕ್ಕು ಕರಗಿಸುವಾಗ ಹೊಮ್ಮಿದ ಇಂಗಾಲ ಕಟ್ಟಡದ ಉದ್ಘಾಟನೆಗೆ ಮೊದಲೇ ವಾತಾವರಣ ಸೇರಿರುತ್ತದೆ. ಶೀತ ಪ್ರದೇಶಗಳ ಮುಂದಿನ ಕಚೇರಿಗಳು ಈ ಪಾಲನ್ನೂ ಇಳಿಸಲೇಬೇಕು. ಮರದ ತೊಲೆಕಂಬಗಳು, ಕಡಿಮೆ ಸಿಮೆಂಟಿನ ಕಾಂಕ್ರೀಟ್, ಹಳೆಯ ಕಟ್ಟಡಗಳ ಮರುಬಳಕೆ ಅದಕ್ಕಿರುವ ದಾರಿಗಳು.

ವಿನ್ನಿಪೆಗ್ ಕಲಿಸುವ ಮುಖ್ಯ ಪಾಠ ಸಮಯದ್ದು. ಹಳೆಯ ಹೀಟರ್ ತೆಗೆದು ಹೊಸದು ಕೂರಿಸಬಹುದು. ತಪ್ಪು ದಿಕ್ಕಿಗೆ ಮುಖಮಾಡಿದ 22 ಮಹಡಿಗಳನ್ನು ತಿರುಗಿಸಲಾಗದು. ಆದ್ದರಿಂದ ಶಾಖದ ಲೆಕ್ಕ ಬಲ್ಲ ಎಂಜಿನಿಯರ್, ನಕ್ಷೆಯ ಮೊದಲ ಗೆರೆ ಬೀಳುವಾಗಲೇ ವಾಸ್ತುಶಿಲ್ಪಿಯ ಪಕ್ಕದಲ್ಲಿರಬೇಕು.